ಗಂಟು ಕೂಗುವವಳು

"ನಗ್ರೋ! ಹೆಣ ಕಾಯೋರ ಥರ ಮುಖ ಮಾಡ್ಕೊಂಡ್ರೆ ಚರ್ಮ ಸುಲೀತೀನಿ, ಮುಂಡೇಮಕ್ಕಳಾ!"

ಧಣಿ ಬೆಳಗಿನಿಂದ ನಗು ಕಲಿಸುತ್ತಿದ್ದ. ಜೀತ, ಮಕ್ಕಳ ಮಾರಾಟ ನಿಲ್ಲಿಸಲೆಂದು ಹತ್ತಾರು ದೇಶ ಸೇರಿ ಕಟ್ಟಿದ ಸಂಸ್ಥೆಯವರು ಅವನ ರತ್ನಗಂಬಳಿ ಶೆಡ್ಡು ನೋಡಲು ಬರುವವರಿದ್ದರು. ಗೋಡೆಗೆ ಸುಣ್ಣ, ಇಪ್ಪತ್ತು ನೇಕಾರರ ಕಾಲಿಗೆ ಹೊಸ ಚಪ್ಪಲಿ. ನೇಯಿಸಲೆಂದು ಕೊಂಡು ತಂದಿದ್ದ ಏಳು ಮಕ್ಕಳನ್ನು ಮಾತ್ರ ಉಣ್ಣೆ ಕೋಣೆಗೆ ತಳ್ಳಿ, ಬೀಗ ಜಡಿದು, ಬಾಗಿಲಿಗೆ ಅಡ್ಡ ಮೂಟೆ ಒಟ್ಟಿದ್ದರು.

"ಧಣಿ, ನಂಗೆ ಎರಡೂ ಎಡಗಾಲಿಂದೇ ಕೊಟ್ಟಿದೀರಿ" ಎಂದ ಕೆಮ್ಮಜ್ಜ. ಮೂವತ್ತು ವರ್ಷ ಉಣ್ಣೆಯ ಧೂಳು ಕುಡಿದ ಮುದುಕ.

"ಎಡಕ್ಕೇ ನಡಿ, ಬೋಳಿಮಗನೆ!"

ಶೆಡ್ಡೆಲ್ಲ ಗೊಳ್ಳೆಂದಿತು. "ಹ್ಞಾ, ಹಂಗೇ ನಗ್ತಾ ಇರಿ" ಎಂದ ಧಣಿ.

ಕೂಗಕ್ಕ ನಗಲಿಲ್ಲ. ನಕ್ಷೆ ನೋಡಿ, ಯಾವ ಬಣ್ಣದ ಗಂಟು ಎಷ್ಟು ಹಾಕಬೇಕೆಂದು ರಾಗವಾಗಿ ಕೂಗುವುದು ಅವಳ ಕೆಲಸ. ಅವಳು ಕೂಗಿದರೆ ಮಗ್ಗದ ಮುಂದಿನವರೆಲ್ಲ "ಹಾಕ್ದೇ" ಅನ್ನಬೇಕು. ಆಮೇಲೇ ಮುಂದಿನ ಗಂಟು. ಎಲ್ಲರಿಗೂ ಅದು ಉಸಿರಾಟದಷ್ಟೇ ರೂಢಿ. ಧಣಿಗೆ ಮಾತ್ರ ಫ್ಯಾನಿನ ಸದ್ದು, ಹನ್ನೆರಡು ವರ್ಷದಲ್ಲಿ ಒಂದು ದಿನವೂ ಕಿವಿಗೊಟ್ಟವನಲ್ಲ.

ನಾಳೆ ಏಳೂ ಮಕ್ಕಳನ್ನು ಬೇರೆಯವನಿಗೆ ಸಾಗಿಸುತ್ತೇನೆಂದು ಅವನು ಫೋನಿನಲ್ಲಿ ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು ಚಿಟ್ಟಿ. ಕೂಗಕ್ಕನ ತೋಳು ಹಿಡಿಯದೆ ನಿದ್ದೆ ಹೋಗದ ಕೂಸು.

ಬಂದವರು ಇಬ್ಬರು: ಉದ್ದನೆಯ ಮೇಡಂ, ಅವಳ ದುಭಾಷಿ.

"ಇಲ್ಲಿ ಎಲ್ಲಾ ಒಂದೇ ಮನೆಯವರ ಥರ, ಸಾರ್. ಕೂಗು ಅಕ್ಕಾ, ಮೇಡಂಗೆ ಕೇಳಿಸು."

ಧಣಿಯ ಬಾಯಲ್ಲಿ 'ಅಕ್ಕ' ಇದೇ ಮೊದಲು.

"ಎರಡು ನೀಲಿ, ಒಂದು ಹಳದೀ..."

"ಹಾಕ್ದೇ!"

"ಏಳು ಮಕ್ಕಳು ಉಣ್ಣೆ ಕೋಣೇಲೀ..."

"ಹಾಕ್ದೇ!" ಅಂದುಬಿಟ್ಟ ಮೇಲೆ ನೇಕಾರರು ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿದರು.

"ಬೀಗದ ಕೈ ಧಣಿ ಜೇಬಲ್ಲೀ..."

"ಹಾಕ್ದೇ!" ಈ ಸಲ ತಿಳಿದೇ ಕೂಗಿದರು. ಧಣಿ ತಲೆದೂಗುತ್ತಲೇ ಇದ್ದ. ದುಭಾಷಿಯ ಪೆನ್ನು ನಿಂತಿತು. ಅಷ್ಟರಲ್ಲಿ ಮೂಟೆಗಳ ಹಿಂದಿನಿಂದ ಸಣ್ಣ ದನಿಗಳು: "ಹಾಕ್ದೇ!"

ಉಸಿರೆತ್ತಿದರೆ ಕೊಲ್ಲುತ್ತೇನೆ ಎಂದಿದ್ದ ಧಣಿ. ಕೂಗಿಗೆ ಓಗೊಡದೆ ಇರುವುದು ಆ ಮಕ್ಕಳಿಗೆ ಗೊತ್ತೇ ಇರಲಿಲ್ಲ.

"ಇಲಿ, ಸಾರ್" ಎಂದ ಧಣಿ, ಬೆವರುತ್ತ.

"ಇಲಿಗೂ ಮಾತು ಕಲಿಸಿದೀರಾ ಧಣಿ?" ಎಂದ ಕೆಮ್ಮಜ್ಜ.

"ಬಾಗಿಲು ತೆಗೀರಿ" ಎಂದ ದುಭಾಷಿ.

"ಬೀಗದ ಕೈ ಕಳೆದುಹೋಗಿದೆ."

ದುಭಾಷಿ ಮೇಡಂ ಜೊತೆ ಪಿಸುಗುಟ್ಟಿ ಕೂಗಕ್ಕನ ಕಡೆ ತಿರುಗಿದ. "ಬೀಗ ಒಡೆಯೋ ಅಧಿಕಾರ ನಮಗಿಲ್ಲಮ್ಮ. ವರದಿ ಕಳಿಸ್ತೀವಿ. ಹದಿನೈದು ದಿನದಲ್ಲಿ ಆದೇಶ ಬರುತ್ತೆ."

"ಬರಲಿ ಬರಲಿ, ಅವಸರ ಏನಿದೆ" ಎಂದ ಧಣಿಯ ಮುಖಕ್ಕೆ ಕಳೆ ಮರಳಿತು.

ಕೂಗಕ್ಕ ನಕ್ಷೆ ಕೆಳಗಿಟ್ಟಳು. "ನೀವು ನಿಧಾನಕ್ಕೆ ಬರೀರಿ, ಸಾರ್." ಗಂಟು ಬಡಿದು ಕೂರಿಸುವ ಕಬ್ಬಿಣದ ಬಾಚಣಿಗೆ ಎತ್ತಿಕೊಂಡಳು. ಹಿಂದೆಯೇ ಇಪ್ಪತ್ತು ಬಾಚಣಿಗೆ ಎದ್ದವು.

"ಮುಟ್ಟಿದ್ರೆ ಕೈ ಕಡೀತೀನಿ, ರಂಡೆ!"

"ಕಡಿ. ಆಮೇಲೆ ಕಂಬಳಿ ನಿಮ್ಮಪ್ಪ ನೇಯ್ತಾನಾ? ಸರಿಯೋ ಆಚೆ!"

ಮೇಡಂಗೆ ಒಂದು ಮಾತೂ ತಿಳಿಯಲಿಲ್ಲ. ಆದರೂ ಪುಸ್ತಕವನ್ನು ದುಭಾಷಿಯ ಕೈಗೆ ತುರುಕಿ, ಅಂಗಿಯ ತೋಳು ಮೇಲೇರಿಸಿ, ಮೊದಲ ಮೂಟೆಗೆ ಹೆಗಲು ಕೊಟ್ಟಳು.

ಐದನೇ ಏಟಿಗೆ ಬೀಗ ಬಿತ್ತು. ಮೈತುಂಬ ಉಣ್ಣೆ ಅಂಟಿಸಿಕೊಂಡು, ಸೀನುತ್ತ, ಮಕ್ಕಳು ಏಳು ಕುರಿಮರಿಗಳಂತೆ ಹೊರಬಂದರು. ಕೂಗಕ್ಕ ಅವರನ್ನು ಅಂಗಳದಲ್ಲೂ ನಿಲ್ಲಗೊಡದೆ ನಡುಬೀದಿಗೆ ಕರೆತಂದು, ಹಾಡುಹಗಲಲ್ಲಿ ಸಾಲಾಗಿ ನಿಲ್ಲಿಸಿದಳು.

"ಕಣ್ಣು ಬಿಟ್ಟು ನೋಡ್ರಪ್ಪಾ! ನೀವು ಕಾಲು ಒರೆಸ್ಕೊಳ್ಳೋ ಕಂಬಳಿ ನೇಯ್ದ ಕೈ ಇವು. ತೋರ್ಸ್ರೋ ಮಕ್ಕಳಾ!"

ಎದುರಿನ ಅಂಗಡಿಯಲ್ಲಿ ಹರಟುತ್ತಿದ್ದವರು ಬೀದಿಗಿಳಿದರು. ಹದಿನಾಲ್ಕು ಕೈ ಮೇಲೆದ್ದವು. ಚಿಟ್ಟಿ ಎರಡೂ ಕೈ ಎತ್ತಿ, ಸಾಲದೆಂದು ತುದಿಗಾಲಲ್ಲಿ ನಿಂತಳು.