ಬಾಲದವಳ ಗಂಟೆ

ನಮ್ಮ ಬಡಾವಣೆಯಿಂದ ಸೈಕಲ್ ಹೊಡೆಯುವವರಿಗೆ ಮೂರು ದಾರಿ. ನೀರಿನ ಟ್ಯಾಂಕಿನ ಸುತ್ತ ಹೋಗಿ ಬರುವುದು ಸೋಮಾರಿಗಳದ್ದು. ಉಪ್ಪಿನ ಮಡಿಗಳ ನಡುವಿನ ನೇರ ರಸ್ತೆ ಎದುರುಗಾಳಿಗೆ ಶಾಪ ಹಾಕಲು ಇಷ್ಟಪಡುವವರದ್ದು. ಮೂರನೆಯದು ಮೂಗು. ಸಮುದ್ರಕ್ಕೆ ಚಾಚಿಕೊಂಡ ಗುಡ್ಡಕ್ಕೆ ನಾವೇ ಇಟ್ಟ ಹೆಸರು ಅದು. ಗುಡ್ಡದ ಬುಡದಲ್ಲಿ ರಸ್ತೆ ಎರಡಾಗುತ್ತದೆ. ಒಂದು ಸಮುದ್ರದ ಪಕ್ಕದಲ್ಲೇ ಮೂಗನ್ನು ಬಳಸಿ ಹೋಗುತ್ತದೆ, ಇನ್ನೊಂದು ನೆತ್ತಿಯ ದೀಪಸ್ತಂಭದ ತನಕ ಹತ್ತಿ ಆಚೆಗೆ ಇಳಿಯುತ್ತದೆ. ಎರಡೂ ಮತ್ತೆ ಕೂಡುವುದು ರೈಲ್ವೆ ಗೇಟಿನ ಹತ್ತಿರ. ಗೇಟು ದಾಟಿದರೆ ಪೇಟೆ, ಪೇಟೆಯಲ್ಲಿ ಆಸ್ಪತ್ರೆ, ಆಸ್ಪತ್ರೆಯಲ್ಲಿ ನಾನು ಎಕ್ಸ್‌ರೇ ತೆಗೆಯುವ ಕತ್ತಲೆ ಕೋಣೆ.

ಭಾನುವಾರ ಬೆಳಿಗ್ಗೆ ನಾವು ನಾಲ್ವರು ಹೊರಡುತ್ತಿದ್ದೆವು. ಮುಂದೆ ನನ್ನ ತಮ್ಮ. ಟೈಲ್ಸ್ ಹಾಕುವ ಕೆಲಸ ಅವನದು. ಕೂತು ಎದ್ದು ಅವನ ತೊಡೆ ಒರಳುಕಲ್ಲಿನಂತಾಗಿತ್ತು. ಅವನ ಬೆನ್ನಿಗೆ ಬೇಕರಿಯವನು, ಆಮೇಲೆ ಲೆಕ್ಕದ ಮೇಷ್ಟ್ರು. ಕೊನೆಗೆ ನಾನು, ಬಾಲ. ಬಾಲ ಎಂದರೆ ನಿಧಾನದವಳು ಎಂದು ಯಾರೂ ತಿಳಿಯಬೇಡಿ. ಹಿಂದೆ ಬಿದ್ದವರನ್ನು ಕರೆತರುವುದು, ಪಂಕ್ಚರ್ ಆದವರ ಜೊತೆ ನಿಲ್ಲುವುದು ಬಾಲದ ಕೆಲಸ. ನೆತ್ತಿಗೆ ಬಂದ ಮೇಲೆ ನಾನು ಎರಡು ಸಲ ಗಂಟೆ ಹೊಡೆಯಬೇಕು. ಎಲ್ಲರೂ ಬಂದಾಯಿತು ಎಂದು ಅರ್ಥ. ಆ ಗಂಟೆ ಕೇಳದೆ ಯಾರೂ ಇಳಿಯುವಂತಿಲ್ಲ. ಅಷ್ಟು ದುಬಾರಿ ಸೈಕಲ್ಲಿಗೆ ಹಿತ್ತಾಳೆ ಗಂಟೆ ಸಿಕ್ಕಿಸಿಕೊಂಡವಳು ನಾನೊಬ್ಬಳೇ. ಹಾಲಿನವನದ್ದು ಕದ್ದೆಯಾ ಎಂದು ಮೂವರೂ ರೇಗಿಸುತ್ತಿದ್ದರು.

ನನ್ನ ತಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ. ಯಾವುದಾದರೂ ಗಾಡಿ ಮೈಗೆ ತಾಗುವಷ್ಟು ಹತ್ತಿರ ಹೋದರೆ ಸಾಕು, ಬೆನ್ನಟ್ಟುತ್ತಿದ್ದ. ಹಿಂದಿನ ತಿಂಗಳು ಸಿಗ್ನಲ್ಲಿನಲ್ಲಿ ಒಂದು ಕಾರನ್ನು ಹಿಡಿದು, ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪಿನಿಂದ ಅದರ ಪಕ್ಕದ ಕನ್ನಡಿಯನ್ನು ಒಡೆದು ಹಾಕಿದ. ಉಕ್ಕಿನ ಹಳೇ ಪಂಪು, ಮೊಳದುದ್ದದ್ದು. ನಾವೆಲ್ಲ ನಕ್ಕೆವು. ಗಾಡಿಯವರ ಮೇಲೆ ನಮಗೆಲ್ಲರಿಗೂ ಹಲ್ಲು ಮಸೆಯುವಷ್ಟು ಸಿಟ್ಟಿತ್ತು.

ಅವತ್ತು ಗುಡ್ಡದ ಬುಡದಲ್ಲಿ ನನ್ನ ಚೈನು ಕಳಚಿತು. ಅವರು ಹತ್ತಿ ಹೋದರು. ಚೈನು ಹಾಕಿ, ಕೈಯ ಗ್ರೀಸು ಹುಲ್ಲಿಗೆ ಒರೆಸಿ, ಸೈಕಲ್ ಏರಿ ನಾಲ್ಕು ಮಾರು ಹೋಗಿರಲಿಲ್ಲ, ಹಿಂದಿನಿಂದ ಒಂದು ಕೆಂಪು ಕಾರು ಬಂದು ಹೊಡೆಯಿತು. ಹಾರ್ನ್ ಇಲ್ಲ, ಬ್ರೇಕಿನ ಸದ್ದಿಲ್ಲ. ನಾನು ಬಾನೆಟ್ಟಿನ ಮೇಲೆ ಬಿದ್ದು, ಅಲ್ಲಿಂದ ತಡೆಗೋಡೆಗೆ ಬಡಿದು, ರಸ್ತೆಗೆ ಜಾರಿದೆ. ಕಾರು ನಿಲ್ಲಲೇ ಇಲ್ಲ. ಇಂದಿಗೂ ಅದು ಯಾರದೆಂದು ಗೊತ್ತಾಗಿಲ್ಲ.

ಇಪ್ಪತ್ತು ವರ್ಷ ಇನ್ನೊಬ್ಬರ ಮೂಳೆ ನೋಡಿದವಳಿಗೆ ತನ್ನದು ಕಾಣದೆ ಇರುತ್ತದೆಯೇ. ಬಲತೊಡೆ ಮುರಿದಿದೆ. ದವಡೆ ಎರಡು ಕಡೆ ಹೋಗಿದೆ. ಪಕ್ಕೆಲುಬು ಎಷ್ಟೋ. ಬಾಯಿತುಂಬ ರಕ್ತ, ಹಲ್ಲಿನ ಚೂರು. ಬೆನ್ನಿನ ಜೇಬಿನ ಫೋನು ಪುಡಿಪುಡಿ.

ಆಗ ಬೂದು ಬಣ್ಣದ ಒಂದು ವ್ಯಾನು ಬಂದು ನಿಂತಿತು. ಲಾಂಡ್ರಿಯ ವ್ಯಾನು. ಡ್ರೈವರು ಇಳಿದು ಓಡಿ ಬಂದ. ಬೋಳುತಲೆ, ಅಗಲ ಮುಖ.

"ಅಕ್ಕಾ, ಅಲ್ಲಾಡ್ಬೇಡಿ. ಕಣ್ಣು ಮುಚ್ಬೇಡಿ. ನನ್ನನ್ನೇ ನೋಡ್ತಿರಿ."

ನಾನು ಏನು ಮಾಡಿದೆ ಗೊತ್ತೇ? ಸೈಕಲ್ ಸವಾರರೆಲ್ಲ ಮಾಡುವುದನ್ನೇ ಮಾಡಿದೆ. ನಮ್ಮ ಜಾತಿಯವರು ಬಿದ್ದರೆ ಮೊದಲು ಕೇಳುವುದು ಸೈಕಲ್ಲಿಗೆ ಏನಾಯಿತು ಅಂತ. ಪಕ್ಕದಲ್ಲೇ ಬಿದ್ದಿದ್ದ ಅದರ ಹ್ಯಾಂಡಲ್ಲನ್ನು ಹಿಡಿದ ಕೈಯನ್ನು ನಾನು ಬಿಡಲೇ ಇಲ್ಲ. ಆತ ಎತ್ತಲು ಬಂದರೆ "ಸೈ... ಸೈ..." ಎಂದು ಊಳಿಟ್ಟೆ.

"ಅದನ್ನ ಬಿಟ್ಟು ಬರಲ್ವಾ? ಆಯ್ತಮ್ಮಾ, ಅದನ್ನೂ ಹಾಕ್ತೀನಿ. ಕೈ ಸಡಿಲ ಮಾಡಿ."

ನನ್ನನ್ನು ಹೋಟೆಲಿನ ಹಾಸಿಗೆ ಬಟ್ಟೆಗಳ ಗಂಟುಗಳ ಮೇಲೆ ಮಲಗಿಸಿದ. ಡೊಂಕಾದ ಸೈಕಲ್ಲನ್ನು ಪಕ್ಕದಲ್ಲಿ ತುರುಕಿ ಬಾಗಿಲು ಹಾಕಿದ. ಒಗೆದ ಬಿಳಿ ಬಟ್ಟೆ ನನ್ನ ಕೆಳಗೆ ಕೆಂಪಾಗುತ್ತಿತ್ತು. ವ್ಯಾನು ಹೊರಟಿತು. ನಡುವಿನ ಜಾಲರಿಯಿಂದ ಆತನ ಬೋಳುತಲೆ ಕಾಣುತ್ತಿತ್ತು.

"ಹೋಟೆಲಿನವರು ಇವತ್ತು ನನ್ನ ಚರ್ಮ ಸುಲೀತಾರೆ ಅಕ್ಕಾ. ಸುಲೀಲಿ ಬಿಡಿ. ನೀವು ಮಾತ್ರ ನಿದ್ದೆ ಮಾಡ್ಬೇಡಿ. ನನ್ನ ಹೆಂಡತಿಗೆ ನಾನು ಮಾತು ಶುರು ಮಾಡಿದ್ರೆ ನಿದ್ದೆ ಬರುತ್ತೆ, ನೀವು ಹಾಗೆ ಮಾಡ್ಬೇಡಿ."

ಆ ನೋವಿನಲ್ಲೂ ನಗು ಬಂತು. ನಗಲು ದವಡೆ ಇರಲಿಲ್ಲ.

ಮೇಲೆ ನಡೆದದ್ದು ನನಗೆ ಆಮೇಲೆ ತಿಳಿಯಿತು. ಮೂವರೂ ದೀಪಸ್ತಂಭದ ಕಟ್ಟೆಯ ಮೇಲೆ ನನ್ನ ಗಂಟೆಗೆ ಕಾದಿದ್ದರು. ಕೆಳಗಿನಿಂದ ಧಡ್ ಎಂದು ಸದ್ದು ಕೇಳಿ, ಕಟ್ಟೆಯ ಅಂಚಿಗೆ ಓಡಿ ಬಗ್ಗಿ ನೋಡಿದ್ದಾರೆ. ಮರಗಳ ಮರೆ. ಅಂಚಿನುದ್ದಕ್ಕೂ ಓಡಾಡಿ ಕೊನೆಗೆ ಒಂದು ಸಂದಿಯಲ್ಲಿ ಕಂಡದ್ದು ಬೂದು ವ್ಯಾನೊಂದು ಹಿಂಬಾಗಿಲು ಹಾಕಿಕೊಂಡು ಸಮುದ್ರದ ದಾರಿಯಲ್ಲಿ ಕಿತ್ತುಕೊಂಡು ಹೋದದ್ದು. ರಸ್ತೆಯ ಮೇಲೆ ನನ್ನ ಹೆಲ್ಮೆಟ್ಟಿತ್ತು, ರಕ್ತವಿತ್ತು. ನಾನಿರಲಿಲ್ಲ, ಸೈಕಲ್ಲೂ ಇರಲಿಲ್ಲ. ಸೈಕಲ್ ಬಿದ್ದಿದ್ದರೆ ಇವಳನ್ನು ಯಾರೋ ಆಸ್ಪತ್ರೆಗೆ ಒಯ್ದರು ಎಂದುಕೊಳ್ಳುತ್ತಿದ್ದರು. ಮುರಿದ ಸೈಕಲ್ಲನ್ನೂ ಯಾರಾದರೂ ಹೊತ್ತೊಯ್ಯುತ್ತಾರೆಯೇ? ಗುದ್ದಿ, ಅವಳನ್ನೂ ಸೈಕಲ್ಲನ್ನೂ ತಡೆಗೋಡೆಯಾಚೆ ಬಂಡೆಗಳಿಗೆ ಎಸೆದು ಓಡಿದ ಎಂದು ಬೇಕರಿಯವನು ಕಿರುಚಿದ. ಮೇಷ್ಟ್ರು ಬಂಡೆಗಳಲ್ಲಿ ಹುಡುಕಲು ಕೆಳಗೋಡಿದರು. ಉಳಿದಿಬ್ಬರು ಆಚೆ ಬದಿಯ ಇಳಿಜಾರಿನಲ್ಲಿ ಸೈಕಲ್ ಓಡಿಸಿದರು, ಗೇಟಿನಲ್ಲಿ ವ್ಯಾನನ್ನು ಹಿಡಿಯಬಹುದೆಂದು. ಗಂಟೆ ಕೇಳದೆ ಅವರು ಇಳಿದದ್ದು ಅದೇ ಮೊದಲು.

ಕಣ್ಣು ಮುಚ್ಚಿದರೂ ಆ ರಸ್ತೆ ನನಗೆ ಗೊತ್ತು. ಬಂಡೆಯ ತಿರುವು, ಒಡೆದ ದೋಣಿಯ ತಿರುವು, ಆಮೇಲೆ ಉದ್ದನೆಯ ನೇರ. ಇನ್ನೇನು ಗೇಟು ಎನ್ನುವಾಗ ವ್ಯಾನು ನಿಂತಿತು. ಗೇಟು ಹಾಕಿತ್ತು. ಅದರ ವಿದ್ಯುತ್ ಗಂಟೆ ಟಣಟಣ ಹೊಡೆದುಕೊಳ್ಳುತ್ತಿತ್ತು.

"ಥೂ ಇದರ. ಒಂದ್ನಿಮಿಷ ಅಕ್ಕಾ, ರೈಲು ಹೋಗ್ಲಿ," ಎಂದ ಆತ.

ಆಗ ಕೇಳಿಸಿತು ಟಾರಿನ ಮೇಲೆ ಟಕ್ ಟಕ್ ಎಂಬ ಓಟ. ಸೈಕಲ್ ಶೂಗಳ ತಳದ ಲೋಹದ ಸದ್ದು. ನನ್ನ ತಮ್ಮ ಬಂದ ಎಂದು ಗೊತ್ತಾಗಿ ಜೀವ ಬಂದಂತಾಯಿತು. ನಿಜ ಹೇಳುತ್ತೇನೆ, ಸಂತೋಷದಿಂದ ಅತ್ತೆ.

"ಎಲ್ಲೋ ನನ್ನ ಅಕ್ಕ?"

ಆತ ತಿರುಗಿ ಬಾಯಿ ತೆರೆದ. ಮೊದಲ ಏಟು ಆ ಬಾಯಿಗೇ ಬಿತ್ತು. ಕಿಟಕಿಯಿಂದ ಒಳಗೆ ಬಂದ ಪಂಪನ್ನು ನಾನು ಜಾಲರಿಯಿಂದ ನೋಡಿದೆ. ಹಲ್ಲುಗಳು ಮುರಿದ ಸದ್ದು ನನಗೆ ಹೊಸದಾಗಿರಲಿಲ್ಲ, ಸ್ವಲ್ಪ ಹೊತ್ತಿನ ಮುಂಚೆ ನನ್ನದೇ ಕೇಳಿದ್ದೆ. ಮುಂದಿನ ಗಾಜಿಗೆ ರಕ್ತ ಚಿಮ್ಮಿತು. ಬಾಗಿಲು ತೆರೆದು ಆತನನ್ನು ಕಾಲರು ಹಿಡಿದು ಎಳೆದರು. ಬೋಳುತಲೆ ಸೀಟಿನಿಂದ ಮಾಯವಾಯಿತು.

"ಎಸೆದ್ಯಾ? ಎಸೆದ್ಯಾ ನನ್ನ ಅಕ್ಕನ್ನ?"

ಪ್ರತಿ ಮಾತಿಗೊಂದು ಏಟು. ಉಕ್ಕು ಮಾಂಸಕ್ಕೆ ಬಡಿದರೆ ಒಂದು ಸದ್ದು, ಮೂಳೆಗೆ ಬಡಿದರೆ ಇನ್ನೊಂದು. ಬೇಕರಿಯವನು ಶೂಗಳಿಂದ ಒದೆಯುತ್ತಿದ್ದ. ವ್ಯಾನಿನ ಮೈಗೆ ಆತನ ತಲೆ ಬಡಿದಾಗ ನನ್ನ ಕೆಳಗಿನ ಗಂಟುಗಳೂ ಅದುರಿದವು. ಅವರಿಬ್ಬರಲ್ಲಿ ಒಬ್ಬನಾದರೂ ಹಿಂಬಾಗಿಲನ್ನು ಒಂದು ಗೇಣು ತೆರೆದು ನೋಡಬಾರದಿತ್ತೇ. ನಾನು ಕಿರುಚಿದೆ. ಗಂಟಲಿನಿಂದ ಬಂದದ್ದು ರಕ್ತದ ಗುಳ್ಳೆ ಮಾತ್ರ.

ಆಗ ಗಂಟೆ ನೆನಪಾಯಿತು. ಸೈಕಲ್ಲು ಎಡಗಡೆ, ಹ್ಯಾಂಡಲ್ಲು ತಲೆಯ ಹತ್ತಿರ. ಎಡಗೈ ಎತ್ತಿದರೆ ಪಕ್ಕೆಲುಬುಗಳು ಒಳಗೆ ಚುಚ್ಚಿದವು. ಹೆಬ್ಬೆರಳು ಗಂಟೆಯ ಕೀಲಿಗೆ ಸಿಕ್ಕಿತು. ಟ್ರಿಂಗ್ ಟ್ರಿಂಗ್. ಹೊರಗೆ ಗೇಟಿನ ಗಂಟೆಯ ಆರ್ಭಟ. ಮತ್ತೆ ಹೊಡೆದೆ. ರೈಲು ಬಂತು. ಗೂಡ್ಸು, ಮುಗಿಯದ ಗೂಡ್ಸು, ಡಬ್ಬಿಯ ಹಿಂದೆ ಡಬ್ಬಿ. ಅದರ ಗದ್ದಲದಲ್ಲಿ ನನ್ನ ಗಂಟೆ ನನಗೇ ಕೇಳಲಿಲ್ಲ. ಆದರೂ ಹೊಡೆಯುತ್ತಲೇ ಇದ್ದೆ, ಅವರೂ ಹೊಡೆಯುತ್ತಲೇ ಇದ್ದರು.

ರೈಲು ಹೋಯಿತು. ಗೇಟಿನ ಗಂಟೆ ನಿಂತಿತು. ಆ ಮೌನದಲ್ಲಿ ನನ್ನದು ಎರಡು ಸಲ ಹೊಡೆಯಿತು.

ಹೊರಗೆ ಏಟಿನ ಸದ್ದು ನಿಂತಿತು. ಆಮೇಲೆ ಪಂಪು ಟಾರಿನ ಮೇಲೆ ಬಿದ್ದು ಉರುಳಿದ್ದು ಕೇಳಿಸಿತು. ಹಿಂಬಾಗಿಲು ತೆರೆಯಿತು. ತಮ್ಮ ನಿಂತಿದ್ದ, ಮೊಣಕೈತನಕ ಕೆಂಪು. ನನ್ನನ್ನು ನೋಡಿದ, ಸೈಕಲ್ಲನ್ನು ನೋಡಿದ, ಬಟ್ಟೆಯ ಗಂಟುಗಳನ್ನು ನೋಡಿದ. ನನ್ನ ತಲೆಯ ಕೆಳಗೆ ಆ ಡ್ರೈವರು ತನ್ನ ಸ್ವೆಟರನ್ನು ಮಡಿಸಿ ಇಟ್ಟಿದ್ದ. ಅದನ್ನೂ ನೋಡಿದ.

ಆತನನ್ನು ಎತ್ತಿ ನನ್ನ ಪಕ್ಕದಲ್ಲೇ ಮಲಗಿಸಿದರು. ತಮ್ಮ ವ್ಯಾನು ಓಡಿಸಿದ. ಆತನ ಮುಖ ನನ್ನ ಕಡೆಗಿತ್ತು. ಮುಖ ಎನ್ನಲು ಒಂದು ಕಣ್ಣು ಉಳಿದಿತ್ತು. ಅದು ನನ್ನನ್ನೇ ನೋಡುತ್ತಿತ್ತು. ಉಸಿರು ಗೊರಗೊರ ಎನ್ನುತ್ತಿತ್ತು. ನಿದ್ದೆ ಮಾಡಬೇಡಿ ಎಂದು ಹೇಳಲು ನನಗೆ ಬಾಯಿರಲಿಲ್ಲ, ಕೈ ಹಿಡಿದುಕೊಂಡೆ. ಶಾಲೆಯ ತಿರುವು ದಾಟುವಾಗ ಗೊರಗೊರ ಇತ್ತು. ಆಸ್ಪತ್ರೆಯ ತಿರುವಿನಲ್ಲಿ ಇರಲಿಲ್ಲ.

ನನ್ನ ದವಡೆಯ ತಂತಿ ಬಿಚ್ಚಿದ ಮೇಲೆ ಊರುಗೋಲು ಹಿಡಿದು ಜೈಲಿಗೆ ಹೋದೆ. ಕಂಬಿಯಾಚೆ ತಮ್ಮ ಅರ್ಧ ಆಗಿದ್ದ. ಅವನನ್ನು ಎತ್ತಿ ಆಡಿಸಿದವಳು ನಾನು.

"ಲಾಯರು ಹೇಳ್ತಾರೆ ಅಕ್ಕಾ," ಅಂದ. "ನಿನಗೆ ಪ್ರಜ್ಞೆ ಇರಲಿಲ್ಲ ಅಂತ ನೀನು ಹೇಳಿದ್ರೆ ಸಾಕಂತೆ. ಅವನು ಮೊದಲು ಕೈ ಮಾಡಿದ, ತಳ್ಳಾಟದಲ್ಲಿ ಬಿದ್ದ ಅಂತ ನಾನೂ ಬೇಕರಿಯವನೂ ಹೇಳ್ತೀವಿ."

ನಾನು ಊರುಗೋಲನ್ನು ಗೋಡೆಗೆ ಒರಗಿಸಿದೆ.

"ನಿನಗೋಸ್ಕರ ತಾನೇ ಅಕ್ಕಾ ನಾನು ಮಾಡಿದ್ದು."

"ನಾನು ಒಳಗೇ ಇದ್ದೆ ಕಣೋ," ಅಂದೆ. ಹೊಸ ದವಡೆಯಲ್ಲಿ ಮಾತು ನಿಧಾನಕ್ಕೆ ಬರುತ್ತಿತ್ತು. "ಆ ಮನುಷ್ಯ ಬಾಯಿ ತೆರೆದಿದ್ದು ಅದನ್ನ ಹೇಳೋಕೆ."

ಅವನು ಕಂಬಿಗೆ ಹಣೆ ಇಟ್ಟ. "ಹಾಗಾದ್ರೆ ಕೋರ್ಟಲ್ಲಿ?"

"ಪ್ರಜ್ಞೆ ಇರಲಿಲ್ಲ ಅಂದ್ರೆ ಗಂಟೆ ಹೊಡೆದವರು ಯಾರು ಅಂತ ಕೇಳ್ತಾರೆ. ಹೊಡೆದವಳು ನಾನೇ ಅಂತ ಹೇಳ್ತೀನಿ. ಕೇಳಿಸಿದ್ದನ್ನೆಲ್ಲ ಹೇಳ್ತೀನಿ."

ಅವನು ತಲೆ ಎತ್ತಲಿಲ್ಲ. ಕಂಬಿಯೊಳಗೆ ಕೈ ಹಾಕಿ ಅವನ ಕೂದಲನ್ನು ಹಿಂದಕ್ಕೆ ಸರಿಸಿದೆ, ಊರುಗೋಲು ತೆಗೆದುಕೊಂಡೆ, ಹೊರಗೆ ನನಗಾಗಿ ಕಾಯುತ್ತಿದ್ದ ಡ್ರೈವರನ ಹೆಂಡತಿಯ ಹತ್ತಿರ ಹೋದೆ.