ಒಡೆದು ಓದಿದ ಪದ

ನಮ್ಮ ಡಚ್ ಭಾಷೆಯಲ್ಲಿ ಪದಕ್ಕೆ ಪದ ಅಂಟಿಸಿ ಒಂದೇ ಪದವಾಗಿ ಬರೆಯುತ್ತೇವೆ. ಡೈಕ್ರಾಂಪ್ ಅನ್ನುವುದನ್ನು ‘ಡೈ–ಕ್ರಾಂಪ್’ ಎಂದು ಓದಿದರೆ ತೊಡೆಯ ಸೆಳೆತ. ‘ಡೈಕ್–ರಾಂಪ್’ ಎಂದು ಒಡೆದರೆ ಸಮುದ್ರದ ಒಡ್ಡಿನ ದುರಂತ. ಸಮುದ್ರಮಟ್ಟಕ್ಕಿಂತ ತಗ್ಗಿನ ಝೀಲಾಂಡ್ ಪ್ರಾಂತದಲ್ಲಿ ಹುಟ್ಟಿದ ನನಗೆ ಇದು ಗೊತ್ತಿಲ್ಲದ್ದೇನಲ್ಲ.

ಒಡ್ಡುಗಳು ಒಡೆದು ಊರೂರೇ ಮುಳುಗಿದ ಐವತ್ತಮೂರರ ಪ್ರವಾಹ ಕಳೆದು ಹತ್ತೊಂಬತ್ತು ವರ್ಷವಾಗಿತ್ತು. ಫೆಬ್ರವರಿಯ ಭಾನುವಾರ, ಹೊರಗೆ ವಾಯುವ್ಯದ ಗಾಳಿ ಬೊಬ್ಬಿಡುತ್ತಿತ್ತು. ನಾನು ರೇಡಿಯೋದಲ್ಲಿ ಸಂಜೆಯ ವಾರ್ತೆ ಓದುತ್ತಿದ್ದೆ. ಬ್ರೌನಿಸೆ ಊರಿನ ಫುಟ್‌ಬಾಲ್ ಪಂದ್ಯ, ರೆಫರಿಗೆ ತೊಡೆ ಹಿಡಿದುಕೊಂಡು ಅರ್ಧಕ್ಕೇ ನಿಂತಿತ್ತು. ಹಾಳೆಯ ಅಂಚಿನಲ್ಲಿ ಜಾಗ ಸಾಲದೆ ಸಂಪಾದಕ ಮರಿನಸ್ ‘ಡೈಕ್’ ಆದಮೇಲೆ ಅಡ್ಡಗೆರೆ ಹಾಕಿ, ಉಳಿದದ್ದನ್ನು ಕೆಳಸಾಲಿಗೆ ದೂಡಿದ್ದ. ಕಣ್ಣು ಕಂಡಂತೆ ನಾಲಿಗೆ ಹೊರಳಿತು: “ಬ್ರೌನಿಸೆಯಲ್ಲಿ ಡೈಕ್–ರಾಂಪ್...”

ತಕ್ಷಣ ತಿದ್ದಿ ಓದಿದೆ.

“ಮುಖ ಯಾಕೆ ಬಿಳುಚ್ಕೊಂಡಿದೆ, ಲೆವಿನಾ? ಹಿಡ್ಕೊಂಡಿದ್ದು ಆ ರೆಫರಿಯ ತೊಡೆ ತಾನೆ, ಸಮುದ್ರಕ್ಕೇನೂ ಬಿದ್ದಿಲ್ವಲ್ಲ!” ಎಂದು ಮರಿನಸ್ ನಕ್ಕ. ಅವನು ಆಮ್‌ಸ್ಟರ್‌ಡಾಮಿನವನು; ಆ ಪ್ರವಾಹ ಅವನ ಊರನ್ನು ಮುಟ್ಟಿರಲಿಲ್ಲ.

ನಾಲ್ಕನೆಯ ದಿನ ಬ್ರೌನಿಸೆಗೆ ಹತ್ತಿರದ ಊವರ್‌ಕೆರ್ಕ್ ಹಳ್ಳಿಯ ನರ್ಸ್ ಫೋನ್ ಮಾಡಿದಳು. ಪೀಟರ್ನೆಲ್ಲಾ ಎಂಬ ಹಿರಿಯ ಹೆಂಗಸು ಆ ವಾರ್ತೆ ಕೇಳಿದಾಗಿನಿಂದ ಅನ್ನಾಹಾರ ಬಿಟ್ಟಿದ್ದಾರಂತೆ. ಬಸ್ಸು ಹತ್ತಿ ಹೋದೆ.

ಮುಂದಿನ ಕೋಣೆಯಲ್ಲೇ ಅವರ ಗಂಡ ಆಡ್ರಿಯಾನರ ಮಂಚವಿತ್ತು. ಲಕ್ವ ಹೊಡೆದು ಮಲಗಿದವರು. ನಾನು ಕ್ಷಮೆ ಕೇಳಿದೆ.

“ನೀನು ತಿದ್ದಿ ಓದಿದ್ದು ನನ್ನ ಕಿವಿಗೆ ಬೀಳ್ಲಿಲ್ಲ ಮಗು,” ಎಂದರು ಪೀಟರ್ನೆಲ್ಲಾ. “ಮತ್ತೆ ನೀರು ಬಂತು ಅಂತ ಅಷ್ಟರಲ್ಲಿ ಅಟ್ಟ ಹತ್ತಿದ್ದೆ. ಒಬ್ಳೇ. ಇವರನ್ನ ಎಬ್ಬಿಸೋಕೂ ನೋಡ್ಲಿಲ್ಲ. ಏಣಿ ಮೇಲೆಳ್ಕೊಂಡೆ. ಇವರು ಕೂಗ್ತಾನೇ ಇದ್ರು.”

ಮತ್ತೆ ಹೇಳಿದರು: “ಐವತ್ತಮೂರರ ಆ ಪ್ರವಾಹದಲ್ಲಿ ಎರಡು ದಿನ ಸೂರಿನ ಮೇಲೆ ನನ್ನನ್ನ ಬಿಗಿಯಾಗಿ ಹಿಡ್ಕೊಂಡು ಕೂತಿದ್ದೋರು ಇವರೇ.”

ಮಂಚದಿಂದ ಆಡ್ರಿಯಾನ್ ಹೆಂಡತಿಯನ್ನು ಮುದ್ದುಹೆಸರಿನಿಂದ ಕರೆದು ತೊದಲಿದರು: “ನಾನೇ... ಹೋಗು ಅಂದೆ, ನೆಲ್.”

“ಅನ್ಲಿಲ್ಲ. ಸುಳ್ಳು ಹೇಳ್ಬೇಡಿ.”

ಆಡ್ರಿಯಾನ್ ಸ್ವಾಧೀನವಿದ್ದ ಒಂದು ಕೈಯನ್ನು ಚಾಚಿದರು. ಹೆಂಡತಿ ಅದನ್ನು ಮುಟ್ಟಲಿಲ್ಲ. ಎದ್ದುಹೋಗಿ ಬಟಾಣಿ ಸೂಪು ಬಿಸಿಮಾಡಿ ತಂದು ಚಮಚ ಚಮಚವಾಗಿ ಕುಡಿಸಿದರು. ಆಡ್ರಿಯಾನ್ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು; ಆಕೆಯ ನೋಟ ಮಾತ್ರ ಚಮಚ ಬಿಟ್ಟು ಮೇಲೇಳಲಿಲ್ಲ. ನಾಲ್ಕರ ಬಸ್ಸಿಗೆ ಹೊರಟುಬಂದೆ.

ಮಾರ್ಚಿನಿಂದ ನಾನು ವಾರ್ತೆ ಓದಲಿಲ್ಲ. ಹಳೆಯ ಕಡತಗಳ ಕೋಣೆಗೆ ವರ್ಗ ಮಾಡಿಸಿಕೊಂಡೆ. ವಸಂತದಲ್ಲಿ ನರ್ಸ್ ಸಿಕ್ಕಿದ್ದಳು. ಪೀಟರ್ನೆಲ್ಲಾ ಈಗ ಊಟ ಮಾಡುತ್ತಾರಂತೆ. ಗಂಡನ ಜೊತೆ ಮಾತಾಡುತ್ತಾರಾ ಎಂದು ಕೇಳಿದೆ.

“ನಾನಿರೋವಾಗ ಆಡಿದ್ದು ಕಂಡಿಲ್ಲ,” ಎಂದಳು.