ನೀಲಿ ನಲ್ಲಿಯ ಬಿಸಿನೀರು

ಅವನು ನಲ್ಲಿ ರಿಪೇರಿ ಮಾಡುವವನು. ಯಾರ ಮನೆಗೆ ಹೋದರೂ ಮೊದಲು ಬಚ್ಚಲಿಗೆ ನುಗ್ಗಿ ನಲ್ಲಿ ತಿರುಗಿಸಿ ನೋಡದಿದ್ದರೆ ಸಮಾಧಾನವಿಲ್ಲ. ಮದುವೆಗೆ ಮುಂಚೆ ತನ್ನನ್ನು ನೋಡಲು ಬಂದಾಗಲೂ ಅದನ್ನೇ ಮಾಡಿದನೆಂದು ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ. ನಟ್ಟು ತಿರುಗಿಸುವ ಪಾನಾ ಜೇಬಿನಲ್ಲಿಲ್ಲದೆ ಹೊಸಿಲು ದಾಟದವನಾದ್ದರಿಂದ ಗೆಳೆಯರು ಅವನನ್ನು ಪಾನಾ ಎಂದೇ ಕರೆಯುತ್ತಿದ್ದರು.

ಗೆಳೆಯರೆಂದರೆ ಇಬ್ಬರೇ, ದರ್ಜಿ ಮತ್ತು ಡ್ರೈವರ್. ಮೂವರೂ ಓದಿದ ಏಳನೇ ತರಗತಿಯ ಗೋಡೆಯ ಮೇಲೆ ಒಂದು ಹಳೇ ಕ್ಯಾಲೆಂಡರ್ ಇತ್ತು. ಅದರಲ್ಲಿ ಟಿಬೆಟಿಯನ್ನರ ಬೆಟ್ಟದೂರು, ಗಾಳಿಗೆ ಹಾರುವ ಬಣ್ಣಬಣ್ಣದ ಬಾವುಟ, ಮಠದ ಚಿನ್ನದ ಬಣ್ಣದ ಚಾವಣಿ. ಆ ಊರು ನೋಡಿದರೆ ಮೂವರೂ ಒಟ್ಟಿಗೇ ನೋಡಬೇಕು, ಒಬ್ಬನೂ ಮುಂಚೆ ಹೋಗಕೂಡದು ಎಂದು ಕೈ ಮೇಲೆ ಕೈ ಇಟ್ಟು ಆಣೆ ಮಾಡಿದ್ದರು. ಹುಡುಗರ ಆಣೆ ಎಂದು ಬೇರೆ ಯಾರಾದರೂ ನಕ್ಕುಬಿಡುತ್ತಿದ್ದರು. ಪಾನಾ ನಗುವ ಜಾತಿಯವನಲ್ಲ. ಮದುವೆಯಾದ ವರ್ಷವೇ ಹೆಂಡತಿ, "ರೀ, ಆ ಊರಿಗೆ ಹೋಗೋಣ್ವಾ?" ಎಂದಳು.

"ಮೊದಲು ಅವರ ಜೊತೆ ಒಂದ್ಸಲ ಹೋಗ್ಬರ್ತೀನಿ ಕಣೇ, ಆಮೇಲೆ ನಿನ್ನ ಕರ್ಕೊಂಡು ಹೋಗ್ತೀನಿ. ಮಾತು ಕೊಟ್ಟಿದೀನಿ."

ಹನ್ನೊಂದು ವರ್ಷ ಅವಳು ಕೇಳಿದಳು, ಹನ್ನೊಂದು ವರ್ಷವೂ ಇವನದು ಅದೇ ರಾಗ. ದರ್ಜಿಗೆ ಕೈತುಂಬ ಹೊಲಿಗೆ, ಡ್ರೈವರಿಗೆ ಶಾಲೆಯ ಬಸ್ಸು. ದಿನ ಕೂಡಿ ಬರಲೇ ಇಲ್ಲ. ಕಳೆದ ವರ್ಷ ಅವಳ ಹೃದಯ ಕೈಕೊಟ್ಟಿತು. ಎತ್ತರದ ಊರುಗಳ ಕಡೆ ತಲೆ ಹಾಕಿಯೂ ಮಲಗಬೇಡಿ ಎಂದುಬಿಟ್ಟರು ಡಾಕ್ಟರು.

ಅಂತೂ ಈ ಶನಿವಾರ ಮೂವರಿಗೂ ಬಿಡುವಾಯಿತು. ಚೀಲ ತುಂಬಿಕೊಟ್ಟವಳು ಅವಳೇ. "ನನ್ನ ಪಾಲಿಂದೂ ಸೇರಿಸಿ ನೋಡ್ಕೊಂಡು ಬನ್ನಿ," ಎಂದಳು.

ಬಸ್ಸು ಕೊನೆಯ ತಿರುವು ದಾಟಿ ಬಾವುಟಗಳು ಕಂಡಾಗ ದರ್ಜಿ, "ಅಯ್ಯಯ್ಯೋ, ನೋಡ್ರೋ!" ಎಂದು ಸೀಟಿನಿಂದ ಎದ್ದೇಬಿಟ್ಟ. ಡ್ರೈವರ್ ಬಾಯಿ ಮೇಲೆ ಕೈ ಇಟ್ಟುಕೊಂಡ. ಪಾನಾನ ಕಣ್ಣು ಒದ್ದೆಯಾಯಿತು. ಕಾದದ್ದು ಸಾರ್ಥಕವಾಯಿತು ಎಂದುಕೊಂಡ.

ಲಾಡ್ಜ್ ಆರಿಸಿದವನು ದರ್ಜಿ. ಮೇಲಿನ ಮಹಡಿಯಲ್ಲಿ ಮೂರು ಮಂಚದ ಕೋಣೆ. ಚೀಲ ಇಟ್ಟವನೇ ಪಾನಾ ಬಚ್ಚಲಿಗೆ ಹೋದ. ಒಂದು ಕೆಂಪು ನಲ್ಲಿ, ಒಂದು ನೀಲಿ ನಲ್ಲಿ. ಬಿಸಿನೀರಿಗೆಂದು ಕೆಂಪನ್ನು ತಿರುಗಿಸಿದ. ಬೆರಳು ಮರಗಟ್ಟುವಂಥ ತಣ್ಣೀರು. ಗೀಸರ್ ಕೆಟ್ಟಿರಬೇಕೆಂದು ಜೇಬಿಗೆ ಕೈ ಹಾಕುವಷ್ಟರಲ್ಲಿ ಹೊರಗಿನಿಂದ ದರ್ಜಿ ಕೂಗಿದ.

"ಲೋ, ನೀಲೀದು ತಿರುಗಿಸೋ! ಇಲ್ಲಿ ಉಲ್ಟಾ!"

ನೀಲಿ ತಿರುಗಿಸಿದ. ಹಬೆಯಾಡುತ್ತ ಬಿಸಿನೀರು ಬಂತು. ಇಪ್ಪತ್ತು ವರ್ಷ ನಲ್ಲಿ ಬಿಚ್ಚಿ ಕೂಡಿಸಿದವನಿಗೇ ತಿರುಗಿಸದೆ ಗೊತ್ತಾಗದ ಸಂಗತಿ ಅದು. ದರ್ಜಿಯಾದರೋ ಇನ್ನೂ ಶೂ ಕೂಡ ಬಿಚ್ಚಿರಲಿಲ್ಲ.

ಪಾನಾ ಒದ್ದೆ ಕೈಯಲ್ಲೇ ಹೊರಗೆ ಬಂದ. "ನಿಂಗೆ ಹೇಗೋ ಗೊತ್ತು?"

"ಹೀಗೇ... ಅಂದಾಜಿಗೆ ಹೇಳ್ದೆ," ಎಂದ ದರ್ಜಿ. ಮುಖ ಬಿಳಿಚಿಕೊಂಡಿತ್ತು. ಡ್ರೈವರ್ ಕಿಟಕಿಯ ಸರಳು ಎಣಿಸುತ್ತ ನಿಂತಿದ್ದ.

"ಯಾವಾಗ ಬಂದಿದ್ರಿ?"

"ಮೂರು ವರ್ಷ ಆಯ್ತು ಕಣೋ," ಎಂದ ಡ್ರೈವರ್, ತಿರುಗದೆಯೇ. "ಮನೇಲಿ ಹಟ ಹಿಡಿದ್ರು. ಎರಡೂ ಮನೆಯವರು ಸೇರಿ ಬಂದ್ವಿ. ನಿಂಗೆ ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ..."

"ಆ ಆಣೇನ ನೀನಿನ್ನೂ ಕಟ್ಕೊಂಡು ಕೂತಿದೀಯ ಅಂತ ಯಾರಿಗೋ ಗೊತ್ತು?" ಎಂದ ದರ್ಜಿ.

ಮೂರು ವರ್ಷದ ಹಿಂದೆ ಪಾನಾನ ಹೆಂಡತಿ ಎರಡೆರಡು ಮೆಟ್ಟಿಲು ಹಾರಿ ಹತ್ತುತ್ತಿದ್ದಳು.

"ಮತ್ತೆ ಬಸ್ಸಲ್ಲಿ ಬಾಯಿ ಮೇಲೆ ಕೈ ಇಟ್ಕೊಂಡಿದ್ದು?" ಎಂದು ಪಾನಾ ಕೇಳಿದ. ಮುಂಚೆ ಬಂದದ್ದನ್ನಾದರೂ ಅವನು ಹೇಗೋ ನುಂಗಿಕೊಳ್ಳುತ್ತಿದ್ದ. ತನ್ನ ಕಣ್ಣೆದುರು ಆಡಿದ ಆ ನಾಟಕ ನುಂಗುವಂಥದ್ದಾಗಿರಲಿಲ್ಲ.

ಕೋಣೆಯ ಹೊರಗಿನ ಮೊಗಸಾಲೆಗೆ ಬಂದು ನಿಂತ. ಅಷ್ಟರಲ್ಲಿ ಮನೆಯಿಂದ ಫೋನು.

"ತಲುಪಿದ್ರಾ? ಹೇಗಿದೆ ಊರು?"

ಚೆನ್ನಾಗಿದೆ ಎಂದರೆ ಅವಳಿಗೆ ನೋವು. ನಡೆದದ್ದು ಹೇಳಿದರೆ ಅವಳನ್ನು ಕಾಯಿಸಿದ ಹನ್ನೊಂದು ವರ್ಷವೂ ಎದ್ದು ನಿಲ್ಲುತ್ತದೆ. "ಏನಿಲ್ಲ ಕಣೇ, ನೋಡೋಂಥದ್ದೇನೂ ಇಲ್ಲ. ನೀನು ಬರದೇ ಇದ್ದಿದ್ದೇ ಒಳ್ಳೇದಾಯ್ತು," ಎಂದ.

"ಮೇಲಿನ ಕೋಣೆ ಕೊಟ್ಟಿದಾರಾ?"

"ಹೂಂ."

"ಹಾಗಾದ್ರೆ ಹೊರಗೆ ಬಂದು ಎಡಗಡೆ ನೋಡಿ. ಚಿನ್ನದ ಚಾವಣಿ ಕಾಣುತ್ತಂತೆ. ಸಂಜೆ ಬಿಸಿಲಿಗೇ ನೋಡ್ಬೇಕಂತೆ. ದರ್ಜಿ ಅಣ್ಣನ ಹೆಂಡತಿ ಹೇಳಿದ್ಲು."

"ಯಾವಾಗ ಹೇಳಿದ್ಲು?"

"ಹೋಗಿ ಬಂದ ವಾರಾನೇ. ಮೂರು ವರ್ಷ ಆಯ್ತಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವರಿಬ್ಬರನ್ನೂ ಬಿಟ್ಬಿಡ್ತಿದ್ರಿ. ಆಮೇಲೆ ನಿಮಗೆ ಯಾರಿರ್ತಿದ್ರು?" ಎಂದಳು. ಆಮೇಲೆ ಮೆಲ್ಲಗೆ, "ಅದೂ ಅಲ್ದೆ, ಅವರು ಹೋಗ್ಬಂದಿದ್ದು ಗೊತ್ತಾಗ್ದೇನೇ ಒಂದಿನ ನೀವಾಗೇ ಆಣೆ ಬಿಟ್ಟು ನನ್ನ ಕರ್ಕೊಂಡು ಹೋಗ್ತೀರಿ ಅಂತ ಕಾಯ್ತಿದ್ದೆ."

ಗೆಳೆಯರ ಮೇಲಿನ ಸಿಟ್ಟು ಆರಲಿಲ್ಲ, ಆದರೆ ಈಗ ತಪ್ಪು ಮಾಡಿದವರ ಸಾಲಿನಲ್ಲಿ ಅವನೂ ನಿಂತಿದ್ದ. ಎಡಕ್ಕೆ ತಿರುಗಿದ. ಮನೆಗಳ ಮಾಡಿನ ಮೇಲೆ, ಬಾವುಟಗಳ ಆಚೆ, ಚಾವಣಿಗೆ ಸಂಜೆಯ ಬಿಸಿಲು ಬಿದ್ದಿತ್ತು.

"ಕಾಣ್ತಿದೆಯಾ?"

"ಕಾಣ್ತಿದೆ."

"ಮತ್ತೆ ಹೇಳಿ, ಹೇಗಿದೆ?" ಎಂದು ಕೇಳಿ, ಅವಳು ಎಂದಿನಂತೆ ಕಾದಳು.